ತೆರೆದ ಬಯಲಲ್ಲಿ ಕಾರಿನ ಮೇಲ್ಲೇಪ

ಕಾರಿನ ಬಣ್ಣವೆಂದು ಕಣ್ಣಿಗೆ ಬೀಳುವುದು ಒಂದೇ ಪದರವಲ್ಲ. ಕಾರ್ಖಾನೆಯಿಂದ ಹೊರಬಂದ ಕಾರಿನ ಉಕ್ಕಿನ ತಗಡಿನ ಮೇಲೆ ಒಂದರ ಮೇಲೊಂದು ಹಲವು ಲೇಪಗಳು ಕೂತಿರುತ್ತವೆ. ತಗಡಿಗೆ ತಾಗಿಕೊಂಡಿರುವುದು ಸತುವಿನ ಫಾಸ್ಫೇಟ್ ಹರಳುಗಳ ತೀರ ತೆಳುವಾದ ಹಾಸು. ಅದರ ಮೇಲೆ, ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಕೂರಿಸಿದ, ಸುಮಾರು 20 ಮೈಕ್ರಾನ್ ದಪ್ಪದ ತುಕ್ಕುನಿರೋಧಕ ಪದರ. ಆಮೇಲೆ 30ರಿಂದ 40 ಮೈಕ್ರಾನಿನ ಪ್ರೈಮರ್, ಅದರ ಮೇಲೆ 15 ಮೈಕ್ರಾನಿನಷ್ಟು ನಿಜವಾದ ಬಣ್ಣ. ಎಲ್ಲಕ್ಕೂ ಮೇಲೆ 40 ಮೈಕ್ರಾನಿನ ಆಸುಪಾಸಿನ, ಬಣ್ಣವಿಲ್ಲದ, ಗಾಜಿನಂತೆ ಪಾರದರ್ಶಕವಾದ ಮೇಲ್ಲೇಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, ಬಿಸಿಲು, ಮಳೆ, ಕೆಸರು, ಕಲ್ಲುಚೂರುಗಳಿಂದ ಉಕ್ಕನ್ನು ಕಾಯುವ ಈ ಪದರಗಳೆಲ್ಲ ಸೇರಿದರೂ ಎರಡು ಕೂದಲಿನ ದಪ್ಪವಾಗುವುದಿಲ್ಲ. ಇವುಗಳಲ್ಲಿ ದಿನವೂ ಹವೆಗೆ ಮೈಯೊಡ್ಡಿ ನಿಲ್ಲುವುದು ಕೊನೆಯದು. ಗ್ಯಾರೇಜಿನವರು ಅದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಹಳೆಯ ಪೇಂಟರುಗಳ ಬಾಯಲ್ಲಿ ಅದು ಲ್ಯಾಕರ್.

ಈ ಮೇಲ್ಲೇಪ ಸವೆದಾಗ, ಸುಲಿದಾಗ ಹೊಸದನ್ನು ಹಾಕಬೇಕಾಗುತ್ತದೆ. ದೊಡ್ಡ ಊರುಗಳ ಸರ್ವಿಸ್ ಸೆಂಟರುಗಳಲ್ಲಿ ಇದಕ್ಕೆಂದೇ ಸ್ಪ್ರೇ ಬೂತ್ ಇರುತ್ತದೆ: ಮುಚ್ಚಿದ ಕೋಣೆ, ಮೇಲಿನಿಂದ ಸೋಸಿ ಬರುವ ಗಾಳಿ, ಬಣ್ಣ ಹೊಡೆದಾದ ಮೇಲೆ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುವ ಬಿಸಿ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯಂಥ ತಾಲ್ಲೂಕು ಕೇಂದ್ರಗಳ ರಸ್ತೆ ಬದಿಯ ಟಿಂಕರಿಂಗ್-ಪೇಂಟಿಂಗ್ ಶೆಡ್ಡಿನಲ್ಲಿ ಇರುವುದು ತಲೆಯ ಮೇಲೊಂದು ಶೀಟು, ಸುತ್ತ ಬಯಲು. ಎಷ್ಟೋ ಸಲ ಶೀಟೂ ಇಲ್ಲ, ಹೊಂಗೆಮರದ ಪಕ್ಕದ ಖಾಲಿ ಜಾಗವೇ ಕಾರ್ಯಾಗಾರ. ಹೀಗೆ ಕೆಲಸ ಮಾಡುವವರ ಡಬ್ಬಿಯಲ್ಲಿ ಎರಡು ವಸ್ತುಗಳಿರುತ್ತವೆ, ಲೇಪ ಮತ್ತು ಹಾರ್ಡನರ್. ಮೂರನೆಯ ವಸ್ತು ಆ ಹೊತ್ತಿನ ಹವೆ. ಅದನ್ನು ಅಳೆದು ಸುರಿಯಲಾಗುವುದಿಲ್ಲ, ಬೇಡವೆಂದು ಬಿಡಲೂ ಆಗುವುದಿಲ್ಲ. ಬಯಲಿನಲ್ಲಿ ಹಾಕಿದ ಲೇಪ ಐದು ವರ್ಷ ನಿಂತೀತೋ ಐದು ತಿಂಗಳಿಗೇ ಮಂಕಾದೀತೋ ಎನ್ನುವುದು ಬಹುಪಾಲು ಈ ಮೂರನೆಯ ವಸ್ತುವನ್ನು ಅವಲಂಬಿಸಿದೆ.

ಮೇಲ್ಲೇಪದ ದೊಡ್ಡ ಶತ್ರು ಬಿಸಿಲು. ಈ ತಾಲ್ಲೂಕುಗಳು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಾಗಾಗಿ ಏಪ್ರಿಲ್ 22ರ ಆಸುಪಾಸಿನಲ್ಲೊಮ್ಮೆ, ಆಗಸ್ಟ್ 20ರ ಆಸುಪಾಸಿನಲ್ಲೊಮ್ಮೆ, ವರ್ಷಕ್ಕೆ ಎರಡು ಸಲ ನಡುಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಆಗ ಪೂರಾ ಏಟು ತಿನ್ನುವುದು ಕಾರಿನ ಟಾಪು ಮತ್ತು ಬಾನೆಟ್. ಹಳೆಯ ಕಾರುಗಳಲ್ಲಿ ಈ ಎರಡು ಕಡೆಯೇ ಮೊದಲು ಬಿಳಿಚಿಕೊಂಡು ಸಿಪ್ಪೆಯೇಳುವುದಕ್ಕೆ ಕಾರಣ ಇದು. ಬಾಗಿಲುಗಳು ಆಗಲೂ ಹೊಳೆಯುತ್ತಿರುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಲೇಪದ ಉದ್ದುದ್ದ ಅಣುಸರಪಳಿಗಳನ್ನು ಕತ್ತರಿಸುವಷ್ಟು ಶಕ್ತಿಯಿದೆ. ಬೆಳಕು ರಸಾಯನವನ್ನೇ ಬದಲಿಸುತ್ತದೆ ಎನ್ನುವುದಕ್ಕೆ ಮೈಸೂರು ಜಿಲ್ಲೆಯವರಿಗೆ ಹತ್ತಿರದ ಉದಾಹರಣೆಯೊಂದಿದೆ: ಮತ ಹಾಕಿದವರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಮೈಸೂರಿನಲ್ಲೇ, ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ಬಿದ್ದಂತೆಲ್ಲ ಕಪ್ಪಾಗಿ ಚರ್ಮದಲ್ಲಿ ಕೂರುತ್ತದೆ. ಕಾರಿನ ಮೇಲ್ಲೇಪದಲ್ಲಿ ಈ ಕತ್ತರಿಯನ್ನು ತಡೆಯಲು ಎರಡು ಬಗೆಯ ಕಾವಲು ಸೇರಿಸಿರುತ್ತಾರೆ. ಒಂದು ಅತಿನೇರಳೆ ಕಿರಣವನ್ನು ಹೀರಿ ನಿರುಪದ್ರವಿ ಶಾಖವಾಗಿ ಬಿಡುತ್ತದೆ. ಇನ್ನೊಂದು, ತುಂಡಾದ ಅಣುಗಳ ಚುರುಕು ತುದಿಗಳನ್ನು ಹಿಡಿದು ಸುಮ್ಮನಾಗಿಸುತ್ತದೆ. ವರ್ಷಗಳು ಕಳೆದಂತೆ ಎರಡೂ ಖರ್ಚಾಗುತ್ತವೆ. ಹೊಳಪಿಗಾಗಿ ಪದೇ ಪದೇ ರಬ್ಬಿಂಗ್ ಪಾಲಿಶ್ ಮಾಡಿಸುವವರು ಪ್ರತಿ ಸಲವೂ ಈ ಕಾವಲಿರುವ ಪದರವನ್ನೇ ಸ್ವಲ್ಪ ಸ್ವಲ್ಪ ಉಜ್ಜಿ ತೆಗೆಯುತ್ತಿರುತ್ತಾರೆ.

ನೀರು ಬಿಸಿಲಿನಷ್ಟು ಅವಸರದ್ದಲ್ಲ. ಆದರೆ ಒಮ್ಮೆ ಒಳಹೊಕ್ಕರೆ ಬಿಡುವುದಿಲ್ಲ. ಲೇಪ ಸೀಳಿ ಉಕ್ಕು ಬರಿದಾದ ಜಾಗದಲ್ಲಿ ಒಂದೇ ಒಂದು ಮಳೆಹನಿ ಕೂತಿದೆ ಎನ್ನೋಣ. ಹನಿಯ ಅಂಚಿನಲ್ಲಿ ನೀರು ತೆಳು, ಗಾಳಿಯ ಆಮ್ಲಜನಕ ಅಲ್ಲಿ ಸಲೀಸಾಗಿ ಕರಗುತ್ತದೆ. ನಡುವೆ ನೀರು ಆಳ, ಆಮ್ಲಜನಕ ಕಡಿಮೆ. ಈ ಏರುಪೇರೇ ಹನಿಯನ್ನು ಪುಟ್ಟದೊಂದು ಬ್ಯಾಟರಿಯಾಗಿಸುತ್ತದೆ. ನಡುವಿನ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಆ ಎಲೆಕ್ಟ್ರಾನುಗಳು ತಗಡಿನೊಳಗಿಂದಲೇ ಅಂಚಿಗೆ ಹರಿದು ಅಲ್ಲಿ ಆಮ್ಲಜನಕವನ್ನೂ ನೀರನ್ನೂ ಸೇರಿಸಿ ಹೈಡ್ರಾಕ್ಸೈಡ್ ಮಾಡುತ್ತವೆ. ಎರಡೂ ಸಂಧಿಸುವ ನಡುದಾರಿಯಲ್ಲಿ ತುಕ್ಕು ಮೂಡುತ್ತದೆ. ಹನಿ ಆರಿದ ಮೇಲೆ ನೋಡಿದರೆ ಮಧ್ಯದಲ್ಲಿ ಸಣ್ಣ ಗುಳಿ, ಸುತ್ತ ಕೆಂಪು ಉಂಗುರ. ನೀರಿನಲ್ಲಿ ಉಪ್ಪಿದ್ದರೆ ವಿದ್ಯುತ್ ಇನ್ನೂ ಸರಾಗವಾಗಿ ಹರಿಯುತ್ತದೆ. ಇಲ್ಲಿ ಬೆಳೆಗೂ ತುಕ್ಕಿಗೂ ಒಂದು ನಂಟಿದೆ. ಭತ್ತಕ್ಕೆ ಹಾಕುವ ಎಂ.ಒ.ಪಿ. ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್; ಕ್ಲೋರೈಡ್ ಅಯಾನುಗಳಷ್ಟು ಉಕ್ಕಿಗೆ ಕೇಡು ಮಾಡುವ ವಸ್ತುಗಳು ಕಡಿಮೆ. ಹೊಗೆಸೊಪ್ಪಿಗೆ ಕ್ಲೋರೈಡ್ ಆಗದು, ಎಲೆ ಸರಿಯಾಗಿ ಉರಿಯುವುದಿಲ್ಲ. ಹಾಗಾಗಿ ಅದಕ್ಕೆ ಕೊಡುವುದು ಎಸ್.ಒ.ಪಿ., ಅಂದರೆ ಪೊಟ್ಯಾಸಿಯಂ ಸಲ್ಫೇಟ್. ಕಾರಿನ ಡಿಕ್ಕಿಯಲ್ಲಿ ಗೊಬ್ಬರದ ಚೀಲ ಸಾಗಿಸುವುದು ಈ ಕಡೆ ಸಾಮಾನ್ಯ. ಚೀಲ ಸೋರಿ ಡಿಕ್ಕಿಯ ಮೂಲೆಯಲ್ಲಿ ಉಳಿದ ಒಂದು ಹಿಡಿ ಎಂ.ಒ.ಪಿ., ಮಳೆಗಾಲದ ತೇವಕ್ಕೆ ಕರಗಿ ಮಾಡುವ ಹಾನಿ ಅದೇ ತೂಕದ ಎಸ್.ಒ.ಪಿ. ಮಾಡುವುದಕ್ಕಿಂತ ಹೆಚ್ಚು.

ಹೊಗೆಸೊಪ್ಪಿನ ಸೀಮೆಗೇ ವಿಶೇಷವಾದ ಇನ್ನೊಂದು ಸಂಗತಿ ಬೂದಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಮುಂಗಾರಿನ ನಡುವಿನಿಂದ ಬ್ಯಾರನ್‌ಗಳಲ್ಲಿ ಸೊಪ್ಪು ಹದ ಮಾಡುವ ಕೆಲಸ ಶುರುವಾಗುತ್ತದೆ. ಒಲೆಗೆ ಹಾಕಿದ ಸೌದೆಯ ಬಿಸಿ ತಗಡಿನ ಕೊಳವೆಗಳಲ್ಲಿ ಬ್ಯಾರನ್ನಿನೊಳಗೆ ಸುತ್ತುತ್ತದೆ, ಹೊಗೆ ಎಲೆಗೆ ತಾಗದೆ ಹೊರಗೆ ಹೋಗುತ್ತದೆ. ಹೊರಗೆ ಹೋದ ಹೊಗೆಯಲ್ಲಿ ಮಸಿಯ ಜತೆ ಟಾರಿನಂಥ ಜಿಡ್ಡಿರುತ್ತದೆ, ಅದು ತಣ್ಣಗಿನ ಬಾನೆಟ್ಟಿನ ಮೇಲೆ ಕೂತು ಅಂಟಿಕೊಳ್ಳುತ್ತದೆ. ಸೌದೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಕ್ಷಾರ. ಹಿಂದೆ ಬೂದಿಯಿಂದ ಪಾತ್ರೆ ಬೆಳಗುತ್ತಿದ್ದುದು ಇದೇ ಗುಣದಿಂದ. ಬೆಳಗಿನ ಇಬ್ಬನಿಯಲ್ಲಿ ಆ ಬೂದಿ ಕರಗಿ, ಮೇಲೇರುವ ಬಿಸಿಲಿಗೆ ಗಟ್ಟಿಯಾಗುತ್ತ ಬಂದರೆ ಲೇಪದ ಮೇಲೆ ಕಲೆ ಕೂರುತ್ತದೆ. ಕೃಷ್ಣರಾಜನಗರದ ಕಡೆ ಭತ್ತದ್ದೇ ಮೇಲುಗೈ. ಅಕ್ಕಿ ಗಿರಣಿಯಲ್ಲಿ ಉರಿಸುವ ಹೊಟ್ಟಿನ ಬೂದಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟು ಸಿಲಿಕಾ ಇರುತ್ತದೆ, ಅಂದರೆ ಮರಳಿನದೇ ವಸ್ತು. ಇಂಥ ದೂಳು ಕೂತ ಕಾರನ್ನು ಒಣಬಟ್ಟೆಯಿಂದ ಒರೆಸುವುದೂ ಉಪ್ಪುಕಾಗದದಿಂದ ತಿಕ್ಕುವುದೂ ಹೆಚ್ಚುಕಡಿಮೆ ಒಂದೇ. ಬಿಸಿಲಿಗೆ ಓರೆಯಾಗಿ ನಿಂತು ನೋಡಿದರೆ ಬಾನೆಟ್ಟಿನ ಮೇಲೆ ಜೇಡರ ಬಲೆಯಂತೆ ಕಾಣುವ ಸುತ್ತುಗೀರುಗಳೆಲ್ಲ ಹೀಗೆ ಬಂದವು.

ಹಕ್ಕಿಯ ಹಿಕ್ಕೆಯನ್ನೂ ಮಾವಿನ ಮರದ ಅಂಟನ್ನೂ ಇಲ್ಲಿ ಬಿಡುವಂತಿಲ್ಲ. ಬಿಸಿಲಿಗೆ ಲೇಪ ಮೆತ್ತಗಾಗಿ ಹಿಗ್ಗುತ್ತದೆ, ಮೇಲಿದ್ದ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಣ್ಣಗಾದಾಗ ಲೇಪ ಆ ಉಬ್ಬುತಗ್ಗಿನ ಅಚ್ಚಿಗೇ ಹೊಂದಿಕೊಂಡು ಕುಗ್ಗುತ್ತದೆ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ, ಜೀರ್ಣರಸದ ಕಿಣ್ವಗಳು ಇದಕ್ಕೆ ನೆರವಾಗುತ್ತವೆ. ಬಣ್ಣದ ಪ್ರಯೋಗಾಲಯಗಳಲ್ಲಿ ಹಿಕ್ಕೆಯ ಬದಲಿಗೆ ಪ್ಯಾಂಕ್ರಿಯಾಟಿನ್ ಎಂಬ ಕಿಣ್ವಗಳ ಮಿಶ್ರಣವನ್ನು ಲೇಪದ ಮೇಲೆ ಹಾಕಿ ಪರೀಕ್ಷಿಸುವುದುಂಟು. ಮಾವು ಹೂಬಿಡುವ ದಿನಗಳಲ್ಲಿ ಮರದ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಉದುರುವ ಅಂಟಾದ ಹನಿ ಮರದ ಹಾಲಲ್ಲ. ಜಿಗಿಹುಳುಗಳು ರಸ ಹೀರಿ ಹೊರಬಿಟ್ಟ ಸಿಹಿದ್ರವ. ಅದಕ್ಕೆ ದೂಳೂ ಕಪ್ಪು ಬೂಷ್ಟೂ ಹಿಡಿಯುತ್ತವೆ.

ಇಷ್ಟನ್ನೆಲ್ಲ ತಡೆಯುವ ಪಾರದರ್ಶಕ ಲೇಪದ ಹಿಂದೆ ಸ್ವಾರಸ್ಯದ ಚರಿತ್ರೆಯಿದೆ. ಗ್ಯಾರೇಜಿನ ಲ್ಯಾಕರ್ ಎಂಬ ಮಾತು ಹುಟ್ಟಿದ್ದು ಲ್ಯಾಕ್‌ನಿಂದ, ಲ್ಯಾಕ್ ಬಂದದ್ದು ಸಂಸ್ಕೃತದ ಲಾಕ್ಷಾದಿಂದ. ಲಾಕ್ಷಾ ಎಂದರೆ ಅರಗು, ಕೊಂಬೆಗಳ ಮೇಲೆ ಪುಟ್ಟ ಕೀಟವೊಂದು ಸ್ರವಿಸುವ ರಾಳ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ಮೈಸೂರಿನಲ್ಲಿ ಶುರುವಾದ ಬಣ್ಣದ ಕಾರ್ಖಾನೆಯ ಹೆಸರಿನಲ್ಲೇ ಅದಿತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಅದೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಮೇಲೆ ಹೇಳಿದ ಮತದಾನದ ಶಾಯಿ 1962ರಿಂದ ತಯಾರಾಗುತ್ತಿರುವುದೂ ಅಲ್ಲೇ. ಮೋಟಾರು ಗಾಡಿಯ ಆರಂಭದ ದಿನಗಳಲ್ಲಿ ಎಣ್ಣೆ ಮತ್ತು ರಾಳದ ವಾರ್ನಿಷನ್ನು ಬ್ರಷ್ಷಿನಿಂದ ಬಳಿಯುತ್ತಿದ್ದರು. ಪದರದ ಮೇಲೆ ಪದರ ಬಳಿದು ಒಣಗಿಸುವುದರೊಳಗೆ ವಾರಗಳೇ ಉರುಳುತ್ತಿದ್ದವು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಡ್ಯೂಕೊ ಹೆಸರಿನ ನೈಟ್ರೊಸೆಲ್ಯುಲೋಸ್ ಲ್ಯಾಕರನ್ನು ತಂದಿತು. ಅದು ಸ್ಪ್ರೇ ಗನ್ನಿನಿಂದ ಹೊಡೆಯಬಹುದಾದ, ಗಂಟೆಗಳಲ್ಲಿ ಒಣಗುವ ಲೇಪ. ಒಂದು ಕಂಪನಿಯ ಆ ಹೆಸರು ಕೆಲಸದ ಹೆಸರೇ ಆಗಿ, ನಮ್ಮ ಪೇಂಟರುಗಳ ಬಾಯಲ್ಲಿ ಡ್ಯೂಕೊ ಪೇಂಟಿಂಗ್ ಎಂದು ಇನ್ನೂ ಉಳಿದಿದೆ. ಬಣ್ಣವೇ ಬೇರೆ, ಅದರ ಮೇಲಿನ ಪಾರದರ್ಶಕ ಕವಚವೇ ಬೇರೆ ಎನ್ನುವ ಪದ್ಧತಿ ಕಾರುಗಳಲ್ಲಿ ವ್ಯಾಪಕವಾದದ್ದು 1980ರ ದಶಕದಲ್ಲಿ.

ಹಳೆಯ ಎನ್.ಸಿ. (ನೈಟ್ರೊಸೆಲ್ಯುಲೋಸ್) ಲ್ಯಾಕರಿಗೂ ಇಂದಿನ ಪಿ.ಯು. (ಪಾಲಿಯುರೆಥೇನ್) ಕ್ಲಿಯರಿಗೂ ಮೂಲದಲ್ಲೇ ವ್ಯತ್ಯಾಸವಿದೆ. ಎನ್.ಸಿ. ಒಣಗುವುದು ಥಿನ್ನರ್ ಹಾರಿಹೋಗಿ, ಅಷ್ಟೆ. ಹತ್ತು ವರ್ಷದ ನಂತರ ಮತ್ತೆ ಥಿನ್ನರ್ ತಾಗಿಸಿದರೂ ಅದು ಕರಗುತ್ತದೆ. ಪಿ.ಯು. ಒಣಗುವುದಿಲ್ಲ, ಗಟ್ಟಿಗೊಳ್ಳುತ್ತದೆ. ಒಂದು ಡಬ್ಬಿಯ ಅಕ್ರಿಲಿಕ್ ರಾಳದಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿವೆ, ಹಾರ್ಡನರಿನಲ್ಲಿ ಐಸೊಸಯನೇಟ್ ಗುಂಪುಗಳಿವೆ. ಬೆರೆಸಿದ ಕ್ಷಣದಿಂದ ಇವೆರಡೂ ಕೈಹಿಡಿಯತೊಡಗುತ್ತವೆ. ಮೀನಿನ ಬಲೆಯ ಗಂಟುಗಳಂತೆ ಎಲ್ಲ ಕಡೆಯಿಂದ ಹೆಣೆದುಕೊಂಡು ಕೊನೆಗೆ ಇಡೀ ಪದರ ಒಂದೇ ಹೆಣಿಗೆಯಾಗುತ್ತದೆ. ಆಮೇಲೆ ಪೆಟ್ರೋಲು ಚೆಲ್ಲಿದರೂ ಅದು ಕರಗದು. ಸಾಮಾನ್ಯವಾಗಿ ಎರಡು ಪಾಲು ಕ್ಲಿಯರಿಗೆ ಒಂದು ಪಾಲು ಹಾರ್ಡನರ್. ಡಬ್ಬಿಯ ಮೇಲೆ ಬರೆದಿರುವ ಅಳತೆಯೇ ಅಂತಿಮ. ಬೇಗ ಗಟ್ಟಿಯಾಗಲೆಂದು ಹಾರ್ಡನರನ್ನು ಕಣ್ಣಂದಾಜಿನಲ್ಲಿ ಜಾಸ್ತಿ ಸುರಿಯುವ ರೂಢಿ ಕೆಲವೆಡೆ ಇದೆ. ಅದರಿಂದ ಹೆಣಿಗೆ ಬಲವಾಗುವುದಿಲ್ಲ. ಜೋಡಿ ಸಿಗದ ಐಸೊಸಯನೇಟ್ ಗಾಳಿಯ ತೇವವನ್ನು ಹುಡುಕಿಕೊಂಡು ಹೋಗುತ್ತದೆ, ಲೇಪ ಬಿರುಸಾಗಿ ಮುಂದೆ ಬಿರಿಯುತ್ತದೆ.

ಬಯಲಿನ ಕೆಲಸದ ಮರ್ಮವೆಲ್ಲ ಈ ತೇವದಲ್ಲಿದೆ. ಐಸೊಸಯನೇಟಿಗೆ ರಾಳದ ಹೈಡ್ರಾಕ್ಸಿಲ್ ಎಷ್ಟು ಇಷ್ಟವೋ ನೀರೂ ಅಷ್ಟೇ ಇಷ್ಟ. ನೀರಿನೊಂದಿಗೆ ಸೇರಿದರೆ ಇಂಗಾಲದ ಡೈ ಆಕ್ಸೈಡ್ ಅನಿಲ ಹುಟ್ಟುತ್ತದೆ. ಲೇಪದೊಳಗೆ ಹುಟ್ಟಿದ ಅನಿಲ ಸೂಜಿಮೊನೆಯಷ್ಟು ಗುಳ್ಳೆಗಳಾಗಿ ಸಿಕ್ಕಿಕೊಂಡು ಹೊಳಪು ಮಂಕಾಗುತ್ತದೆ. ಎನ್.ಸಿ. ಲ್ಯಾಕರಿನ ತೊಂದರೆ ಬೇರೆ ಬಗೆಯದು. ಕೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುವಂತೆ, ಥಿನ್ನರ್ ಭರದಿಂದ ಹಾರುವಾಗ ತಗಡಿನ ಮೇಲ್ಮೈ ತಣ್ಣಗಾಗುತ್ತದೆ. ಸುತ್ತಲ ಗಾಳಿಯ ತೇವ ಅಲ್ಲಿ ಹನಿಗಟ್ಟಿ ಲೇಪದ ಮೇಲೆ ಹಾಲು ಚೆಲ್ಲಿದಂತೆ ಬಿಳುಪು ಹರಡುತ್ತದೆ.

ಗಾಳಿಯಲ್ಲಿ ಎಷ್ಟು ತೇವವಿದೆ ಎನ್ನುವುದಕ್ಕಿಂತ, ತಗಡು ಇಬ್ಬನಿ ಬಿಂದುವಿನಿಂದ ಎಷ್ಟು ದೂರದಲ್ಲಿದೆ ಎನ್ನುವುದು ಮುಖ್ಯ. ಯಾವ ಉಷ್ಣತೆಗೆ ಇಳಿದರೆ ಗಾಳಿಯ ತೇವ ಹನಿಗಟ್ಟಲು ಶುರುವಾಗುತ್ತದೋ ಅದು ಇಬ್ಬನಿ ಬಿಂದು. ಫೆಬ್ರವರಿಯ ಒಂದು ಮಧ್ಯಾಹ್ನ ಗಾಳಿ 30 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 40 ಇದ್ದರೆ ಇಬ್ಬನಿ ಬಿಂದು ಸುಮಾರು 15 ಡಿಗ್ರಿ. ತಗಡು ಎಷ್ಟೇ ತಣ್ಣಗಾದರೂ ಅಲ್ಲಿಗೆ ಇಳಿಯುವುದಿಲ್ಲ. ಮಳೆಗಾಲದ ಒಂದು ದಿನ ಗಾಳಿ 25 ಡಿಗ್ರಿ, ಆರ್ದ್ರತೆ ಶೇಕಡ 80 ಇದ್ದರೆ ಇಬ್ಬನಿ ಬಿಂದು 21 ಡಿಗ್ರಿಗೂ ಮೇಲೆ. ಗಾಳಿಗೂ ಹನಿಗೂ ನಡುವೆ ಉಳಿದದ್ದು ನಾಲ್ಕು ಡಿಗ್ರಿಗಿಂತ ಕಡಿಮೆ. ಥಿನ್ನರ್ ಹಾರುವ ತಂಪು ಅಷ್ಟನ್ನು ನುಂಗಿಬಿಡಬಲ್ಲದು. ತಗಡು ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಎನ್ನುವುದು ಸೇತುವೆಯಿಂದ ಹಡಗಿನವರೆಗೆ ಎಲ್ಲ ಬಣ್ಣದ ಕೆಲಸಕ್ಕೂ ಹಾಕಿಕೊಂಡಿರುವ ಅಂಕೆ. ಉಪಕರಣವಿಲ್ಲದವರಿಗೂ ಒಂದು ದಾರಿಯಿದೆ. ಒದ್ದೆ ಬಟ್ಟೆಯಿಂದ ಬಾಗಿಲಿನ ಮೇಲೊಂದು ಗೆರೆ ಎಳೆದು ಬಿಟ್ಟರೆ, ನೆರಳಿನಲ್ಲಿ ಆ ತೇವ ಹತ್ತು ಹದಿನೈದು ನಿಮಿಷದಲ್ಲಿ ಆರಬೇಕು. ಆರದೆ ಉಳಿದರೆ ಆ ಹೊತ್ತು ಡಬ್ಬಿ ತೆರೆಯದಿರುವುದೇ ಲೇಸು.

ಡಿಸೆಂಬರ್ ರಾತ್ರಿ ಬಯಲಲ್ಲಿ ನಿಂತ ಕಾರಿನ ಟಾಪನ್ನು ಗಮನಿಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಗಾಳಿ ಇನ್ನೂ 17 ಡಿಗ್ರಿ ಇರುವಾಗಲೇ ಟಾಪಿನ ಮೇಲೆ ಮಂಜು ಹನಿಗಟ್ಟಿರುತ್ತದೆ. ಬಾಗಿಲುಗಳು ಒಣಗಿಯೇ ಇರುತ್ತವೆ. ಪಕ್ಕದ ಹುಣಸೆಮರದ ಕೆಳಗಿನ ಕಾರಿನ ಮೇಲಂತೂ ಹನಿಯೇ ಇಲ್ಲ. ಮೋಡವಿಲ್ಲದ ಆಕಾಶಕ್ಕೆ ಮುಖಮಾಡಿದ ತಗಡು ತನ್ನ ಶಾಖವನ್ನು ಅವಗೆಂಪು ಕಿರಣಗಳಾಗಿ ಮೇಲಕ್ಕೆ ಬಿಡುತ್ತಲೇ ಇರುತ್ತದೆ, ಆಕಾಶದಿಂದ ಮರಳಿ ಬರುವುದು ಕಡಿಮೆ. ಹಾಗಾಗಿ ಟಾಪು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಮರದ ಕೊಂಬೆಯಾಗಲಿ ಜಿಂಕ್ ಶೀಟಾಗಲಿ ಅಡ್ಡವಿದ್ದರೆ ಅದೂ ಶಾಖ ಮರಳಿಸುತ್ತದೆ, ಇಬ್ಬನಿ ಬೀಳುವುದಿಲ್ಲ. ಸಂಜೆ ನಾಲ್ಕಕ್ಕೆ ಲೇಪ ಹೊಡೆದು ಕಾರನ್ನು ಬಯಲಲ್ಲೇ ಬಿಟ್ಟವರಿಗೆ ಬೆಳಗ್ಗೆ ಟಾಪಿನ ಮೇಲೆ ಮಾತ್ರ ಮಂಕು ಕಾಣುವುದು ಈ ಕಾರಣಕ್ಕೆ. ಪೂರ್ತಿ ಶೆಡ್ ಇಲ್ಲದಿದ್ದರೂ ರಾತ್ರಿಗೆ ತಲೆಯ ಮೇಲೊಂದು ಶೀಟಿನ ಆಸರೆ ಬೇಕೇ ಬೇಕು. ಪ್ಲಾಸ್ಟಿಕ್ ಟಾರ್ಪಾಲನ್ನು ಕಾರಿನ ಮೈಗೇ ಹೊದಿಸಿದರೆ ತೇವ ಒಳಗೇ ಉಳಿದು ಕೆಡುಕು ಹೆಚ್ಚುತ್ತದೆ.

ತೇವ ಬಿಟ್ಟರೆ ಬಿಸಿ. ಕಪ್ಪು ಅಥವಾ ಕಡುನೀಲಿ ಕಾರಿನ ಟಾಪು ಏಪ್ರಿಲ್ ಬಿಸಿಲಲ್ಲಿ 60 ಡಿಗ್ರಿ ದಾಟುವುದುಂಟು. ರಾಸಾಯನಿಕ ಕ್ರಿಯೆಯ ವೇಗ ಪ್ರತಿ 10 ಡಿಗ್ರಿಗೆ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಸ್ಥೂಲ ಲೆಕ್ಕದಲ್ಲಿ, 25 ಡಿಗ್ರಿಯಲ್ಲಿ ಅರ್ಧ ಗಂಟೆ ಹಿಡಿಯುವ ಬೆಳವಣಿಗೆ ಅಲ್ಲಿ ಮೂರು ನಿಮಿಷದಲ್ಲಿ ಮುಗಿಯುತ್ತದೆ. ಬೇಗ ಮುಗಿದರೆ ಒಳ್ಳೆಯದಲ್ಲವೇ ಎನಿಸಬಹುದು. ಆದರೆ ಮೇಲ್ಮೈ ಮೊದಲು ಕೆನೆಗಟ್ಟುತ್ತದೆ, ಒಳಗಿನ ಥಿನ್ನರಿಗೆ ದಾರಿ ಮುಚ್ಚಿಹೋಗುತ್ತದೆ. ಕೆಳಗಿನಿಂದ ತಗಡಿನ ಬಿಸಿ ತಳ್ಳಿದಾಗ ಆ ಆವಿ ಕೆನೆಯನ್ನು ಒಡೆದುಕೊಂಡು ಏಳುತ್ತದೆ, ಹಾಲು ಉಕ್ಕುವಂತೆ. ಉಳಿಯುವುದು ಸಾಸಿವೆಗಿಂತ ಸಣ್ಣ ಕುಳಿಗಳ ಹಿಂಡು. ಗನ್ನಿನಿಂದ ಹೊರಟ ಹನಿಗಳು ಬಿಸಿಗಾಳಿಯಲ್ಲಿ ದಾರಿಯಲ್ಲೇ ಅರ್ಧ ಒಣಗಿ, ತಗಡಿಗೆ ಬಿದ್ದ ಮೇಲೆ ಹರಡಿ ಒಂದಾಗದೆ, ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುವುದೂ ಇದೆ. ಬೇಸಿಗೆಗೆ ನಿಧಾನದ ಥಿನ್ನರ್, ಚಳಿಗಾಲಕ್ಕೆ ವೇಗದ್ದು ಎಂದು ಅಂಗಡಿಯಲ್ಲಿ ಬೇರೆ ಬೇರೆ ಸಿಗುತ್ತವೆ. ಕೈಯಿಟ್ಟು ಹತ್ತು ಎಣಿಸುವವರೆಗೆ ತಾಳಲಾಗದಷ್ಟು ಕಾದ ತಗಡಿಗೆ ಯಾವ ಥಿನ್ನರೂ ನೆರವಾಗದು.

ಮೂರನೆಯದು ಗಾಳಿ ಮತ್ತು ಅದು ಹೊತ್ತು ತರುವುದು. ಈ ಸೀಮೆಯ ಕೆಮ್ಮಣ್ಣಿನ ನುಣುಪು ದೂಳು, ಹುಣಸೂರಿನ ಮರದ ಮಿಲ್ಲುಗಳ ಹುಡಿ, ಸುಗ್ಗಿಯಲ್ಲಿ ಕಣದ ಹೊಟ್ಟು, ಎಲ್ಲವೂ ಒದ್ದೆ ಲೇಪಕ್ಕೆ ಬಂದು ಕೂರುವಂಥವು. ಒಣಬಟ್ಟೆಯಿಂದ ಬಂಪರನ್ನು ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಅದು ದೂಳನ್ನು ತಾನೇ ಕರೆದುಕೊಳ್ಳುತ್ತದೆ. ಸುತ್ತಲ ನೆಲಕ್ಕೆ ನೀರು ಚಿಮುಕಿಸುವುದು ಹಳೆಯ ಉಪಾಯ, ಫಲಕಾರಿಯೂ ಹೌದು. ಆದರೆ ಲೇಪ ಹೊಡೆಯುವ ಅರ್ಧ ಗಂಟೆ ಮೊದಲೇ ಚಿಮುಕಿಸಿರಬೇಕು. ನೆಲ ಪಸೆಯಾಗಿರಬೇಕೇ ಹೊರತು ನೀರು ನಿಂತಿರಬಾರದು, ಇಲ್ಲವಾದರೆ ತೇವದ ಸಮಸ್ಯೆಯನ್ನು ಕೈಯಾರೆ ತಂದುಕೊಂಡಂತೆ. ಸಂಜೆಯ ಮೇಲೆ ಲೈಟು ಹಾಕಿ ಕೆಲಸ ಮಾಡುವುದು ಗದ್ದೆ ಬಯಲಿನ ಪಕ್ಕ ಆಗುವ ಮಾತಲ್ಲ. ಭತ್ತ ಬಲಿಯುವ ದಿನಗಳಲ್ಲಿ ಹಸಿರು ಜಿಗಿಹುಳುಗಳು ದೀಪಕ್ಕೆ ಮುತ್ತುತ್ತವೆ, ಒದ್ದೆ ಲೇಪದಲ್ಲಿ ಸಿಕ್ಕಿಕೊಂಡು ಕಾಲು ಬಡಿಯುತ್ತ ಗೀರು ಎಳೆಯುತ್ತವೆ. ಸಿಕ್ಕ ಹುಳುವನ್ನು ಆಗಲೇ ಕೀಳಲು ಹೋಗಬಾರದು. ಗಟ್ಟಿಯಾದ ಮೇಲೆ 2000 ನಂಬರಿನ ವಾಟರ್ ಪೇಪರಿನಿಂದ ಉಜ್ಜಿ ಪಾಲಿಶ್ ಮಾಡಿದರೆ ಗುರುತು ಕಡಿಮೆ.

ಹಾಗಾದರೆ ಯಾವಾಗ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲು ಕೆಲಸ ಬೇಡ. ಪಶ್ಚಿಮಕ್ಕೆ ಸರಿದಷ್ಟೂ ಮಳೆ ಹೆಚ್ಚು: ಕೊಡಗಿಗೆ ಅಂಟಿಕೊಂಡ ಪಿರಿಯಾಪಟ್ಟಣದ ಅಂಚು, ಕಾಡಿನ ಪಕ್ಕದ ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನ ಊರುಗಳಲ್ಲಿ ಜಿಟಿಜಿಟಿ ನಿಲ್ಲದ ದಿನಗಳಲ್ಲೇ ಕೃಷ್ಣರಾಜನಗರದಲ್ಲಿ ಬಿಸಿಲು ಇಣುಕುವುದುಂಟು. ಆದರೆ ಅಲ್ಲಿ ಆಷಾಢದ ಗಾಳಿ ದೂಳೆಬ್ಬಿಸುತ್ತದೆ. ಸ್ವಾತಿ, ವಿಶಾಖ ಮಳೆಗಳು ಮುಗಿಯುವ ನವೆಂಬರ್ ನಡುವಿನವರೆಗೂ ಹಿಂಗಾರಿನ ಭಯ. ಏಪ್ರಿಲ್ ಕೊನೆಗೆ ಭರಣಿ ಮಳೆ ಬರುವ ಹೊತ್ತಿಗೆ ಮಧ್ಯಾಹ್ನದವರೆಗೆ ಸುಡುಬಿಸಿಲು, ಮೂರರ ಮೇಲೆ ಗುಡುಗು. ಉಳಿದ ಡಿಸೆಂಬರ್‌ನಿಂದ ಮಾರ್ಚ್ ನಡುವಿನವರೆಗಿನ ದಿನಗಳೇ ಒಳ್ಳೆಯವು, ಅದರಲ್ಲೂ ಜನವರಿ ಕೊನೆಯಿಂದ ಫೆಬ್ರವರಿ ಪೂರ್ತಿ. ಆಗ ಇಬ್ಬನಿ ಪೂರ್ತಿ ಆರುವ ಒಂಬತ್ತೂವರೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ, ನೆರಳಿನಲ್ಲಿ ನಿಲ್ಲಿಸಿದ ಕಾರಿಗೆ ಹೊಡೆದರೆ ಸೂರ್ಯ ಇಳಿಯುವ ಮೊದಲು ಗಟ್ಟಿಗೊಳ್ಳಲು ನಾಲ್ಕು ಗಂಟೆ ಸಿಗುತ್ತದೆ. ಮಾರ್ಚ್ ದಾಟಿದರೆ ಬೆಳಗಿನ ಏಳರಿಂದ ಹತ್ತರೊಳಗೆ ಮುಗಿಸಬೇಕು.

ಕೆಲಸದ ಮುಕ್ಕಾಲು ಪಾಲು ಗನ್ ಹಿಡಿಯುವ ಮೊದಲೇ ಮುಗಿದಿರುತ್ತದೆ. ಕಾರನ್ನು ಶಾಂಪೂ ನೀರಿನಿಂದ ತೊಳೆದು, ಆರಿಸಿ, ಮೇಣ ಮತ್ತು ಎಣ್ಣೆ ತೆಗೆಯುವ ದ್ರಾವಣದಿಂದ ಒರೆಸುತ್ತಾರೆ. ಟೈರ್ ಪಾಲಿಶ್, ಡ್ಯಾಶ್‌ಬೋರ್ಡ್ ಸ್ಪ್ರೇಗಳ ಸಿಲಿಕೋನ್ ಒಂದು ಚುಕ್ಕೆ ಉಳಿದರೂ ಲೇಪ ಆ ಜಾಗದಿಂದ ಹಿಂದೆ ಸರಿದು ಮೀನುಕಣ್ಣಿನಂಥ ಕುಳಿ ಬೀಳುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕೈಗೆ ತಾಗಿ, ಕೈ ತಗಡಿಗೆ ತಾಗಿದರೂ ಅಷ್ಟೆ. ಹಳೆಯ ಮೇಲ್ಲೇಪ ಗಟ್ಟಿಯಾಗಿದ್ದರೆ 800ರಿಂದ 1000 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಹೊಳಪು ಪೂರ್ತಿ ಸಾಯುವವರೆಗೆ ಉಜ್ಜಬೇಕು. ಹೊಸ ಲೇಪ ಹಿಡಿದು ನಿಲ್ಲುವುದು ಆ ಸೂಕ್ಷ್ಮ ಗೀರುಗಳಲ್ಲಿ. ಹಳೆಯದು ಸಿಪ್ಪೆಯೇಳುತ್ತಿದ್ದರೆ ಅದರ ಮೇಲೆ ಹೊಸದು ನಿಲ್ಲದು. ಬಣ್ಣದವರೆಗೂ ತೆಗೆದು ಬಣ್ಣವನ್ನೂ ಹೊಸದಾಗಿ ಹೊಡೆಯಬೇಕು. ಬಣ್ಣವನ್ನೇ ಬದಲಿಸುವುದಾದರೆ ಆರ್.ಸಿ.ಯಲ್ಲಿ ನಮೂದಾದ ಬಣ್ಣವನ್ನು ಸಾರಿಗೆ ಕಚೇರಿಯಲ್ಲಿ ತಿದ್ದಿಸಬೇಕಾಗುತ್ತದೆ. ಬರಿಯ ಕ್ಲಿಯರಿಗೆ ಅದರ ಅಗತ್ಯವಿಲ್ಲ.

ಕಂಪ್ರೆಸರಿನ ಟ್ಯಾಂಕನ್ನು ಮರೆಯುವವರೇ ಹೆಚ್ಚು. ಗಾಳಿಯನ್ನು ಒತ್ತಿದಾಗ ಅದರ ತೇವ ಟ್ಯಾಂಕಿನಲ್ಲಿ ನೀರಾಗಿ ಇಳಿಯುತ್ತದೆ. ತಳದ ತಿರುಪನ್ನು ಸಡಿಲಿಸಿದರೆ ಬುಸ್ಸೆಂದು ಚಹಾ ಬಣ್ಣದ ತುಕ್ಕುನೀರು ಚಿಮ್ಮುತ್ತದೆ, ಎಷ್ಟೋ ಸಲ ಅರ್ಧ ಲೋಟದಷ್ಟು. ಅದನ್ನು ಹಾಗೇ ಬಿಟ್ಟರೆ ಆ ನೀರು ಹೋಸಿನ ಮೂಲಕ ಹನಿಹನಿಯಾಗಿ ನೇರ ಲೇಪದೊಳಕ್ಕೇ ಹೋಗುತ್ತದೆ. ಹೊರಗಿನ ಹವೆ ಎಷ್ಟೇ ಒಣಗಿದ್ದರೂ ಆಗ ಪ್ರಯೋಜನವಿಲ್ಲ. ದಿನವೂ ಕೆಲಸಕ್ಕೆ ಮೊದಲು ಟ್ಯಾಂಕ್ ಬರಿದು ಮಾಡಬೇಕು, ಗನ್ನಿಗೆ ಹೋಗುವ ದಾರಿಯಲ್ಲಿ ನೀರು ಹಿಡಿಯುವ ಫಿಲ್ಟರ್ ಇರಬೇಕು.

ಗನ್ನಿನ ನಾಸಲ್ 1.3 ಅಥವಾ 1.4 ಮಿಲಿಮೀಟರ್, ಒತ್ತಡ ಸುಮಾರು 30 ಪಿ.ಎಸ್.ಐ., ತಗಡಿನಿಂದ ದೂರ ಒಂದು ಗೇಣು. ನುರಿತ ಪೇಂಟರ್ ಮಣಿಕಟ್ಟು ತಿರುಗಿಸದೆ, ಭುಜದಿಂದ ಇಡೀ ತೋಳನ್ನು ತಗಡಿಗೆ ಸಮಾನಾಂತರವಾಗಿ ಒಯ್ಯುತ್ತಾನೆ; ಪ್ರತಿ ಪಟ್ಟೆ ಹಿಂದಿನ ಪಟ್ಟೆಯ ಅರ್ಧವನ್ನು ಮುಚ್ಚಿಕೊಂಡು ಸಾಗುತ್ತದೆ. ಗನ್ ದಾಟಿದ ಕೂಡಲೇ ತಗಡು ಮಂಜು ಕವಿದ ಗಾಜಿನಂತೆ ಕಾಣುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಆ ಮಂಜಿನ ಚುಕ್ಕೆಗಳು ಒಂದನ್ನೊಂದು ಮುಟ್ಟಿ, ಕೂಡಿ, ಮೇಲ್ಮೈ ಎಳೆತಕ್ಕೆ ಸಮತಟ್ಟಾಗುತ್ತವೆ, ಶೆಡ್ಡಿನ ತೊಲೆಗಳ ಪ್ರತಿಬಿಂಬ ಅದರಲ್ಲಿ ಗೆರೆ ಕೊರೆದಂತೆ ಮೂಡುತ್ತದೆ. ಮೊದಲ ಕೋಟ್ ತೆಳುವಾಗಿರಬೇಕು, ಹಿಡಿದುಕೊಳ್ಳಲು. ಹತ್ತು ನಿಮಿಷ ಬಿಟ್ಟು, ಮಾಸ್ಕಿಂಗ್ ಟೇಪಿನ ಮೇಲೆ ಬಿದ್ದ ಲೇಪವನ್ನು ಬೆರಳಿನಿಂದ ಮುಟ್ಟಿದಾಗ ಅಂಟಿದರೂ ನೂಲೆಳೆಯದಿದ್ದರೆ ಎರಡನೆಯ, ತುಂಬಿದ ಕೋಟ್. ಬಾಗಿಲಿನಂಥ ನಿಂತ ತಗಡಿನಲ್ಲಿ ದುರಾಸೆ ಕೂಡದು: ಒದ್ದೆ ಪದರದ ದಪ್ಪ ಎರಡು ಪಟ್ಟಾದರೆ ಕೆಳಗೆ ಹರಿಯುವ ಲೇಪದ ಪ್ರಮಾಣ ಎಂಟು ಪಟ್ಟಾಗುತ್ತದೆ. ಇಷ್ಟೇ ಹೆಚ್ಚಾಯಿತೆಂದು ಕಂಡದ್ದು ಕಣ್ಣ ಮುಂದೆಯೇ ಪರದೆಯಂತೆ ಜಾರಿ ಇಳಿಯುವುದು ಈ ಲೆಕ್ಕದಿಂದ.

ಬಯಲಲ್ಲವೇ, ಗಾಳಿಯಾಡುತ್ತದೆ ಎಂದು ಮೂಗಿಗೆ ಕರವಸ್ತ್ರ ಕಟ್ಟಿಕೊಂಡೋ ಬರಿಮುಖದಲ್ಲೋ ಹೊಡೆಯುವ ಹುಡುಗರು ಎಲ್ಲ ಊರಲ್ಲೂ ಕಾಣುತ್ತಾರೆ. ಇದು ಸಣ್ಣ ಮಾತಲ್ಲ. 1984ರ ಭೋಪಾಲ ದುರಂತದ ಮೀಥೈಲ್ ಐಸೊಸಯನೇಟ್ ಇದೇ ಕುಟುಂಬದ್ದು. ಹಾರ್ಡನರಿನಲ್ಲಿರುವುದು ಅದಲ್ಲ, ಅಷ್ಟು ಸುಲಭವಾಗಿ ಆವಿಯಾಗದ ದೊಡ್ಡ ಅಣುಗಳು. ಆದರೆ ಗನ್ ಅದನ್ನು ಮಂಜಾಗಿಸಿ ಉಸಿರಿಗೆ ಕೊಡುತ್ತದೆ. ಐಸೊಸಯನೇಟ್ ಶ್ವಾಸಕೋಶವನ್ನು ಸಂವೇದಿಯಾಗಿಸುತ್ತದೆ. ಒಮ್ಮೆ ಹಾಗಾದ ಮೇಲೆ ತೀರ ಕಡಿಮೆ ಪ್ರಮಾಣವೂ ಉಬ್ಬಸ ತರುತ್ತದೆ, ಆ ವ್ಯಕ್ತಿ ಕಸುಬನ್ನೇ ಬಿಡಬೇಕಾಗಬಹುದು. ಬಟ್ಟೆಯ ಮಾಸ್ಕ್ ದೂಳನ್ನು ತಡೆದೀತು, ಇದನ್ನಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಅತ್ಯುತ್ತಮ. ಅದು ಕೈಗೆಟುಕದಿದ್ದರೆ ಸಾವಯವ ಆವಿ ಹೀರುವ ಕಾರ್ಟ್ರಿಜ್ ಮತ್ತು ಕಣ ತಡೆಯುವ ಫಿಲ್ಟರ್ ಎರಡೂ ಇರುವ ಮಾಸ್ಕ್, ಕನ್ನಡಕ, ಕೈಗವಸು ಇರಲೇಬೇಕು. ಐಸೊಸಯನೇಟಿಗೆ ಎಚ್ಚರಿಸುವ ವಾಸನೆಯಿಲ್ಲದ ಕಾರಣ ಕಾರ್ಟ್ರಿಜ್ಜನ್ನು ವಾಸನೆ ಬರುವವರೆಗೆ ಕಾಯದೆ ದಿನ ಲೆಕ್ಕ ಹಿಡಿದು ಬದಲಿಸಬೇಕು. ಗಾಳಿ ಬೀಸುವ ಕಡೆಗೆ ಬೆನ್ನು ಕೊಟ್ಟರೆ ಮಂಜು ಮುಖಕ್ಕೆ ಸುಳಿಯುತ್ತದೆ. ಗಾಳಿ ಪಕ್ಕದಿಂದ ಹಾಯುವಂತೆ ನಿಲ್ಲಬೇಕು. ಗಾಳಿ ಹೋಗುವ ದಿಕ್ಕಿನಲ್ಲಿ ಹೋಟೆಲು, ಮನೆ, ಅಂಗನವಾಡಿ ಇರಬಾರದು.

ಇಪ್ಪತ್ತೈದು ಡಿಗ್ರಿಯ ಹವೆಯಲ್ಲಿ ದೂಳು ಅಂಟದ ಸ್ಥಿತಿಗೆ ಸುಮಾರು ಅರ್ಧ ಗಂಟೆ, ಕೈಯಿಟ್ಟು ಕೆಲಸ ಮಾಡಲು ಒಂದು ರಾತ್ರಿ ಬೇಕು. ಹೆಣಿಗೆ ಪೂರ್ತಿಯಾಗಲು ವಾರವೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಆ ವಾರದಲ್ಲಿ ಹಿಕ್ಕೆ ಬಿದ್ದರೆ ಆಗಲೇ ನೀರು ಸುರಿದು ತೆಗೆಯಬೇಕು, ಶಾಂಪೂ ಬೇಡ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಬಿಸಿಲಲ್ಲಿ ಆರಲು ಬಿಟ್ಟರೆ ಪ್ರತಿ ಹನಿಯೂ ಸುಣ್ಣದ ಬಳೆ ಬಿಡುತ್ತದೆ, ಒರೆಸಿಯೇ ಆರಿಸಬೇಕು. ಮೇಣ ಹಚ್ಚುವುದು ಕನಿಷ್ಠ ಒಂದು ತಿಂಗಳ ನಂತರ, ಏಕೆಂದರೆ ಉಳಿದ ಥಿನ್ನರ್ ಅಷ್ಟು ದಿನವೂ ಸದ್ದಿಲ್ಲದೆ ಹೊರಬರುತ್ತಿರುತ್ತದೆ.

ಮೇಣದ ಬದಲು ಈಗ ಸೆರಾಮಿಕ್ ಕೋಟಿಂಗ್ ಮಾಡಿಸುವವರು ತಾಲ್ಲೂಕು ಊರುಗಳಲ್ಲೂ ಹೆಚ್ಚಿದ್ದಾರೆ. ಅದು ಪಿಂಗಾಣಿಯಲ್ಲ, ಸಿಲಿಕಾನ್ ಮತ್ತು ಆಮ್ಲಜನಕದ ಜಾಲವಾಗಿ ಗಟ್ಟಿಯಾಗುವ, ಒಂದೆರಡು ಮೈಕ್ರಾನಿನ ದ್ರವಲೇಪ. ಮೇಲ್ಲೇಪಕ್ಕೆ ಅದು ಬದಲಿಯಲ್ಲ, ಅದರ ಮೇಲಿನ ಹೊದಿಕೆ. ನೀರು ಮುತ್ತಿನಂತೆ ಉರುಳಿ ಕೆಸರು ಸುಲಭವಾಗಿ ಬಿಡುವುದು ನಿಜ. ಕಲ್ಲೇಟು ತಡೆಯುತ್ತದೆಂಬ ಮಾತು ಅತಿಶಯ, ಒಂದೆರಡು ಮೈಕ್ರಾನಿಗೆ ಆ ಬಲ ಎಲ್ಲಿಂದ ಬರಬೇಕು? ಸ್ವಾರಸ್ಯವೆಂದರೆ ಇದರ ರಸಾಯನ ಪಿ.ಯು. ಕ್ಲಿಯರಿನದಕ್ಕೆ ತದ್ವಿರುದ್ಧ. ಇದು ಗಟ್ಟಿಯಾಗಲು ಗಾಳಿಯ ತೇವವೇ ಬೇಕು. ತೀರ ಒಣ ಹವೆಯಲ್ಲಿ ನಿಧಾನವಾಗುತ್ತದೆ, ಹೆಚ್ಚು ತೇವವಿದ್ದರೆ ಒರೆಸುವುದರೊಳಗೆ ಬಿಗಿದು ಪಟ್ಟೆ ಉಳಿಯುತ್ತದೆ. ಇಬ್ಬನಿ, ಮಳೆ ನೇರ ಬಿದ್ದರೆ ಇದಕ್ಕೂ ಕಲೆ ತಪ್ಪದು.

ಕಾರಿನ ಅಡಿಭಾಗದ ಲೇಪ ಬೇರೆಯದೇ. ಅಲ್ಲಿ ಹೊಳಪು ಬೇಕಿಲ್ಲ. ಬಿಟುಮೆನ್ ಅಥವಾ ರಬ್ಬರ್ ಬೆರೆತ, ಅರ್ಧ ಮಿಲಿಮೀಟರಿಗೂ ದಪ್ಪದ, ಕಲ್ಲುಚೂರು ಬಡಿದರೆ ಬಿರಿಯದೆ ತಗ್ಗುವ ಪದರ ಸಾಕು. ಗದ್ದೆಯ ಕೆಸರು, ಗೊಬ್ಬರದ ಉಪ್ಪು ಸಿಕ್ಕಿಕೊಳ್ಳುವುದು ಚಕ್ರದ ಮೇಲಿನ ಗೂಡಿನ ಅಂಚಿನಲ್ಲಿ. ಮಳೆಗಾಲ ಮುಗಿದ ಮೇಲೆ ಅದನ್ನು ರಭಸದ ನೀರಿನಿಂದ ತೊಳೆದು, ಎರಡು ಮೂರು ದಿನ ಪೂರ್ತಿ ಆರಿಸಿ, ಎದ್ದ ತುಕ್ಕನ್ನು ತಂತಿಬ್ರಷ್ಷಿನಿಂದ ಕಿತ್ತು, ಪ್ರೈಮರ್ ಹಚ್ಚಿದ ನಂತರವೇ ಈ ಲೇಪ. ತೇವ ಉಳಿದ ತಗಡಿಗೆ ಹಚ್ಚಿದರೆ ತುಕ್ಕಿಗೆ ಮುಚ್ಚಿದ ಮನೆ ಕಟ್ಟಿಕೊಟ್ಟಂತಾಗುತ್ತದೆ. ಬಾಗಿಲುಗಳ ಕೆಳ ಅಂಚಿನಲ್ಲಿ ಗಾಜಿನ ಸಂದಿಯಿಂದ ಇಳಿದ ನೀರು ಹೊರಹೋಗಲೆಂದು ಕಾರ್ಖಾನೆಯಲ್ಲೇ ಬಿಟ್ಟ ಸಣ್ಣ ತೂತುಗಳಿರುತ್ತವೆ. ಅಡಿಲೇಪ ಹೊಡೆಯುವಾಗ ಅವಕ್ಕೆ ಟೇಪ್ ಅಂಟಿಸಿ, ಕೆಲಸ ಮುಗಿದ ಮೇಲೆ ಮರೆಯದೆ ಕಿತ್ತು, ಕಡ್ಡಿಯೊಂದನ್ನು ತೂರಿಸಿ ದಾರಿ ತೆರೆದಿದೆಯೇ ಎಂದು ಒಂದೊಂದನ್ನೂ ನೋಡಬೇಕು.